ಬೆಚ್ಚ ನೀರು

ತಾಯಿಗೆ ಒಂದು ಮಾತು ಹೇಳುವುದಕ್ಕಿಂತ ಒಂದು ಯಂತ್ರ ಮಾಡುವುದು ನನ್ನ ಗಂಡನಿಗೆ ಸುಲಭವಾಗಿತ್ತು. ಯಂತ್ರಕ್ಕೆ ಅವನು ವರ್ಷಗಟ್ಟಲೆ ತಲೆ ಕೆಡಿಸಿಕೊಂಡ. ಮಾತಿಗಾದರೆ ಅರ್ಧ ಉಸಿರು ಸಾಕಿತ್ತು.

ನಾನು ಹುಬ್ಬಳ್ಳಿಯವಳು, ಹೆಸರು ಸಂಚಿತಾ. ಓದುವುದಕ್ಕೆಂದು ಕರಾವಳಿಯ ಈ ಊರಿಗೆ, ಬಲ್ಮಠದ ಕಾಲೇಜಿಗೆ ಬಂದವಳು ಇಲ್ಲಿಯ ಅಶ್ವಿತ್‌ನನ್ನು ಮೆಚ್ಚಿ, ಎರಡೂ ಮನೆಯವರನ್ನು ಒಪ್ಪಿಸಿ ಮದುವೆಯಾದೆ. ಅವರದು ತುಳು ಮಾತಾಡುವ ಮನೆ. ಮಾವ ಸರ್ವೋತ್ತಮ ಶೆಟ್ಟರಿಗೆ ಪೇಟೆಯಲ್ಲಿ ಹೋಟೆಲು, ಅದರ ಮೇಲೆ ಲಾಡ್ಜು. ಬೆಳಕು ಹರಿಯುವ ಮೊದಲೇ ಹೊರಟುಬಿಡುತ್ತಾರೆ. ಮದುವೆಯಾದ ಮೇಲೆ ನಾವಿಬ್ಬರೂ ಬೇರೆ ಫ್ಲ್ಯಾಟಿನಲ್ಲಿದ್ದೆವು. ನಮ್ಮಿಬ್ಬರ ಮಾತೆಲ್ಲ ಕನ್ನಡದಲ್ಲಿ. ನನ್ನ ಕಿವಿಗೆ ಬೀಳುವಲ್ಲಿ ಮನೆಯವರೂ ಕನ್ನಡವನ್ನೇ ಆಡುತ್ತಿದ್ದರು. ತುಳುವಿನಲ್ಲಿ ನನಗೆ ಬರುವುದು ಊಟ ಆಯಿತಾ, ಯಾವಾಗ ಬಂದದ್ದು ಎಂಬಷ್ಟೇ. ಬೇಕಾದಾಗ ಅಶ್ವಿತ್ ಇದ್ದಾನಲ್ಲ ಎಂದು ಹೆಚ್ಚು ಕಲಿಯುವುದಕ್ಕೂ ಹೋಗಲಿಲ್ಲ.

ಅವನು ಇರುತ್ತಿದ್ದದ್ದೂ ನಿಜ. ನನಗೆ ಗಂಟಲು ಸ್ವಲ್ಪ ಸೂಕ್ಷ್ಮ. ಯಾವ ಹೋಟೆಲಿಗೆ ಹೋದರೂ ಮೊದಲು ಬೆಚ್ಚಗಿನ ನೀರು ಕೇಳುತ್ತೇನೆ. ನಾನು ಕೇಳಿದ ಕೂಡಲೇ ಅಶ್ವಿತ್ ಆ ಹುಡುಗನ ಕಡೆ ತಿರುಗಿ ತುಳುವಿನಲ್ಲಿ ಏನೋ ಒಂದು ಮಾತು ಸೇರಿಸುತ್ತಿದ್ದ. ನನಗೆ ಬೇಕಾದ ಹದದಲ್ಲೇ ನೀರು ಬರುತ್ತಿತ್ತು. ಎಷ್ಟು ಕಾಳಜಿ ಈ ಮನುಷ್ಯನಿಗೆ ಎಂದು ನಾನು ಲೋಟ ಎತ್ತಿ ಕುಡಿಯುತ್ತಿದ್ದೆ.

ಹೆರಿಗೆ ಹತ್ತಿರ ಬಂದಾಗ ತವರಿಗೆ ಹೋಗುವ ಪ್ರಶ್ನೆಯೇ ಇರಲಿಲ್ಲ. ನನಗೆ ಅಮ್ಮ ಇಲ್ಲ. ಅತ್ತೆ ಕುಶಲಾ ಫ್ಲ್ಯಾಟಿಗೇ ಬಂದು, "ನಾನಿಲ್ವಾ ಮಗಾ? ಈ ಕೈಯಲ್ಲಿ ಎಷ್ಟು ಬಾಣಂತನ ಆಗಿದೆ ಗೊತ್ತುಂಟಾ? ಸುಮ್ಮನೆ ಮನೆಗೆ ಬಾ" ಎಂದರು. ಅಮ್ಮ ಹೋದ ಮೇಲೆ ಯಾರೂ ನನ್ನನ್ನು ಹಾಗೆ ಹಕ್ಕಿನಿಂದ ಕರೆದಿರಲಿಲ್ಲ. ನಾನು ಅತ್ತುಬಿಟ್ಟೆ.

ಮಗಳು ಹುಟ್ಟಿದಳು, ಹೊಟ್ಟೆ ಕೊಯ್ದು ತೆಗೆದದ್ದು. ಬಿಜೈಯಲ್ಲಿದ್ದ ಗಂಡನ ಮನೆಗೆ ಬಂದ ಮೇಲೆ ಹೊಲಿಗೆ ಒಣಗುವವರೆಗೆ ಅತ್ತೆ ನನ್ನ ಮೈಗೆ ನೀರು ಮುಟ್ಟಿಸಲಿಲ್ಲ. ಒದ್ದೆ ಬಟ್ಟೆಯಲ್ಲಿ ಒರೆಸಿದರು, ಮೆಂತೆ ಗಂಜಿ ಉಣಿಸಿದರು, ಮಗುವನ್ನು ಎದೆಗೆ ಹಿಡಿಯುವುದು ಹೇಗೆಂದು ಬೈದು ಬೈದು ಕಲಿಸಿದರು. ಆಸ್ಪತ್ರೆ ಬಿಡುವ ದಿನ ಡಾಕ್ಟರು, ಹೊಲಿಗೆ ಒಣಗಿದ ಮೇಲೆ ಬೆಚ್ಚಗಿನ ನೀರಿನಲ್ಲಿ ಸ್ನಾನ ಮಾಡಿಸಿ ಎಂದಿದ್ದರು. ಆ ಡಾಕ್ಟರು ಮೈಸೂರು ಕಡೆಯವರು. ಅತ್ತೆ ಅದನ್ನು ಚೆನ್ನಾಗಿ ನೆನಪಿಟ್ಟುಕೊಂಡಿದ್ದರು.

ಹಿತ್ತಿಲ ಬಚ್ಚಲಿನಲ್ಲಿ ತಾಮ್ರದ ಹಂಡೆ ಇದೆ. ಗೀಸರಿನ ನೀರು ಬಾಣಂತಿಗೆ ಆಗುವುದಿಲ್ಲ ಎಂದು ಅತ್ತೆ ತೆಂಗಿನ ಗೆರಟೆ ಒಟ್ಟಿ ಬೆಂಕಿ ಹಾಕಿದರು, ನೀರಿಗೆ ನೆಕ್ಕಿ ಸೊಪ್ಪು ಹಾಕಿ ಕುದಿಸಿದರು. ನನ್ನ ಮೈಗೆಲ್ಲ ಎಣ್ಣೆ ತಿಕ್ಕಿ ಮಣೆಯ ಮೇಲೆ ಕೂರಿಸಿದರು. ಅಲ್ಲಿಯವರೆಗೆ ಸ್ವರ್ಗ. ಆಮೇಲೆ ಚೆಂಬಿನಲ್ಲಿ ಮೊಗೆದು ಸೊಂಟಕ್ಕೆ ಬೀಸಿ ಹೊಡೆದರು ನೋಡಿ, ನಾನು ಕುಳಿತಲ್ಲಿಂದ ಹಾರಿಬಿಟ್ಟೆ.

"ಅತ್ತೀ, ಸುಡ್ತೈತ್ರಿ!"

"ಸ್ವಲ್ಪ ಸುಡ್ಬೇಕು ಮಗಾ. ಬಾಣಂತಿಗೆ ನೀರು ತಾಗ್ಬೇಕು. ಇಲ್ಲದಿದ್ರೆ ನಾಳೆ ಸೊಂಟ ಹಿಡೀತದೆ, ಆಗ ನನ್ನನ್ನೇ ಬೈತಿ."

ಒಂದೆರಡು ದಿನ ಹಲ್ಲು ಕಚ್ಚಿ ತಡೆದೆ. ಮರುದಿನ ಮಣೆಯ ಮೇಲೆ ಕೂರುವ ಮೊದಲೇ ಅಳು ಬಂತು. ಅತ್ತೆ ಗಾಬರಿಯಾದರು. ಚೆಂಬು ಕೆಳಗಿಟ್ಟು ನನ್ನ ಗಲ್ಲ ಹಿಡಿದು ಮುಖ ಎತ್ತಿದರು.

"ಅಯ್ಯೋ, ಎಂತಕ್ಕೆ ಅಳುದು? ನಿಂಗೆ ನೀರು ಹೇಗೆ ಬೇಕು ಹೇಳು. ನೀನು ಹೇಳಿದ ಹಾಗೆಯೇ ಹಾಕ್ತೇನೆ."

"ಬೆಚ್ಚಗಿರ್ಲಿ ಅತ್ತೀ. ಬೆಚ್ಚಗ ಹಾಕ್ರಿ."

ಅವರು ಒಂದು ಕ್ಷಣ ನನ್ನನ್ನೇ ನೋಡಿದರು. ಆಮೇಲೆ ಮುಖ ಅರಳಿತು. "ಬೆಚ್ಚ ಬೇಕಾ? ಅಷ್ಟೇ ಅಲ್ವಾ?" ಎಂದರು. ಅಂದಿನ ನೀರು ಹಿಂದಿನ ದಿನಕ್ಕಿಂತ ಬಿಸಿಯಾಗಿತ್ತು. ಅದರ ಮರುದಿನ ಇನ್ನೂ ಬಿಸಿ.

ನಾನು ಕೇಳುವುದು ಬಿಡಲಿಲ್ಲ. ದಿನಾ ಬೆಚ್ಚಗೆ, ಬೆಚ್ಚಗೆ ಎಂದು ಬೇಡಿದೆ. ಅವರು ದಿನಾ ಆಯ್ತು ಮಗಾ, ಆಯ್ತು ಎನ್ನುತ್ತ ಒಲೆಗೆ ಇನ್ನೆರಡು ಗೆರಟೆ ತಳ್ಳಿದರು. ಮಗುವನ್ನು ಎತ್ತಿಕೊಂಡು ಅಶ್ವಿತ್ ಬಚ್ಚಲ ಬಾಗಿಲ ಹೊರಗೇ ನಿಂತಿರುತ್ತಿದ್ದ. ಪಕ್ಕದ ಮನೆಯ ಉಮಾವತಿ ಮಗುವನ್ನು ನೋಡಲು ಬಂದಾಗ ಚಾವಡಿಯಿಂದ ಅತ್ತೆಯ ನಗು ಕೇಳಿಸಿತು.

"ಬೆಚ್ಚ ಬೇಕು, ಬೆಚ್ಚ ಬೇಕು ಅಂತ ಕೇಳಿ ಕೇಳಿ ಹಾಕಿಸಿಕೊಳ್ತಾಳೆ ಮಾರಾಯ್ತಿ ನಮ್ಮ ಹುಡುಗಿ!"

ಇಬ್ಬರೂ ನಕ್ಕರು. ನನ್ನ ಗೋಳನ್ನು ನೆರೆಮನೆಯವಳ ಮುಂದೆ ಆಡಿಕೊಂಡು ನಗುವ ಹೆಂಗಸು ಇವಳು ಎಂದು ನನಗೆ ಮೈ ಉರಿದುಹೋಯಿತು. ಗಂಜಿ ಉಣಿಸುವ ಕೈಯಲ್ಲೇ ಕುದಿ ನೀರು ಹೊಡೆಯುತ್ತಾಳಲ್ಲ, ಇದು ಯಾವ ಸೀಮೆಯ ಪ್ರೀತಿ ಎಂದುಕೊಂಡೆ. ಅಂದಿನಿಂದ ಅವರೊಂದಿಗೆ ನನ್ನ ಮಾತು ಹೂಂ, ಊಹೂಂಗೆ ಇಳಿಯಿತು.

ಅಶ್ವಿತ್‌ಗೆ ಹೇಳಿದೆ. "ನೀನೇ ನಿಮ್ಮ ಅಮ್ಮನಿಗೆ ತಿಳಿಸಿ ಹೇಳು. ನಾನು ಬೆಚ್ಚಗೆ ಹಾಕಿ ಅಂದಷ್ಟೂ ಸುಡುವ ನೀರು ಹಾಕ್ತಾರೆ. ಇದೆಂಥ ಹಟ ಅವರದು?"

ಅವನು ಮುಖ ಒಂದು ಥರ ಮಾಡಿದ. ಬಾಯಿ ತೆರೆದ, ಏನೋ ಹೇಳುವವನಿದ್ದ, ಮತ್ತೆ ಮುಚ್ಚಿದ. "ಅಮ್ಮ ಇಷ್ಟು ಖುಷಿಯಲ್ಲಿ ಮಾಡ್ತಾ ಇದ್ದಾರೆ. ಈಗ ಹೇಳಿದ್ರೆ ಬೇಜಾರಾಗ್ತದೆ. ನೋಡುವ" ಎಂದ.

ಈ ಊರಿಗೆ ಬಂದ ಮೇಲೆ ನಾನು ಚೆನ್ನಾಗಿ ಕಲಿತ ಶಬ್ದ ಅದೊಂದೇ. 'ನೋಡುವ' ಎಂದರೆ ನೋಡುವುದಿಲ್ಲ ಎಂದು ಅರ್ಥ.

ನೋಡುವ ಬದಲು ಅವನು ಬೈಕಂಪಾಡಿಗೆ ಹೋದ. ಅಲ್ಲಿ ಅವನೂ ಗೆಳೆಯ ರೂಬನ್ನೂ ಒಂದು ಶೆಡ್ಡು ಹಿಡಿದು ಕಂಪನಿ ನಡೆಸುತ್ತಾರೆ. ಅವರ ಯಂತ್ರದ ಹೆಸರು 'ಹಿತ'. ಕುತ್ತಿಗೆಗೆ ಒಂದು ಪಟ್ಟಿ, ಎರಡು ಮಣಿಕಟ್ಟಿಗೆ ಎರಡು ಪಟ್ಟಿ, ಒಳಗೆ ಬ್ಯಾಟರಿಯಿಂದ ಬಿಸಿಯಾಗುವ, ತಣ್ಣಗಾಗುವ ಸಣ್ಣ ಸಣ್ಣ ಬಿಲ್ಲೆಗಳು, ಜೊತೆಗೆ ಬಚ್ಚಲಿಗೆ ಹಾಕುವ ಬಣ್ಣದ ದೀಪ. ಕೆಂಪು ದೀಪ ಹಾಕಿ ಪಟ್ಟಿ ಬಿಸಿ ಮಾಡಿದರೆ ಆರಿದ ನೀರೂ ಮೈಗೆ ಬಿಸಿ ಅನಿಸುತ್ತದಂತೆ. ಲಾಡ್ಜುಗಳಿಗೆ ಕರೆಂಟು ಉಳಿಯುತ್ತದೆ ಎಂದು ಮೊದಲು ತನ್ನ ಅಪ್ಪನ ಹತ್ತಿರವೇ ಹೋಗಿದ್ದ. ಗಿರಾಕಿಗೆ ಬಿಸಿನೀರು ಕೊಡದೆ ಬಿಸಿ ಅಂತ ನಂಬಿಸುವುದಕ್ಕೆ ಬೇರೆ ಹೆಸರುಂಟು, ಮೋಸ ಅಂತ, ಎಂದು ಮಾವ ಎದ್ದುಹೋಗಿದ್ದರು.

ಈಗ ಅದನ್ನೇ ತಿರುಗಿಸಿ ತಂದ. ನೀಲಿ ದೀಪ, ತಣ್ಣನೆಯ ಪಟ್ಟಿ. ನೀರು ಬಿಸಿ ಇದ್ದರೂ ಮೈಗೆ ಬಿಸಿ ಅನಿಸಬಾರದು.

"ನಿಂಗೋಸ್ಕರ ಮಾಡಿದ್ದು" ಎಂದ. ಪಟ್ಟಿಯನ್ನು ತಾನೇ ನನ್ನ ಕುತ್ತಿಗೆಗೆ ಕಟ್ಟಿದ. "ಅಮ್ಮ ಅವರಷ್ಟಕ್ಕೆ ನೀರು ಹೊಯ್ಯಲಿ. ನಿಂಗೆ ಗೊತ್ತೇ ಆಗುದಿಲ್ಲ."

ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ಹಾವು ಯಾರು, ಕೋಲು ಯಾರು ಎಂದು ನಾನು ಆಗ ಯೋಚಿಸಲಿಲ್ಲ. ನನ್ನ ಗಂಡ ನನ್ನ ಉರಿಗೆಂದು ಒಂದು ವಸ್ತುವನ್ನೇ ಮಾಡಿ ತಂದಿದ್ದಾನೆ ಎಂಬ ಸಂತೋಷದಲ್ಲಿ ಕಣ್ಣು ತುಂಬಿತ್ತು. ಅತ್ತೆ ಪಟ್ಟಿಯನ್ನು ಮುಟ್ಟಿ ನೋಡಿ, "ಇದೆಂತ ಕೊರಳಿಗೆ?" ಎಂದದ್ದಕ್ಕೆ ಅವನು, ನರಕ್ಕೆ ಒಳ್ಳೇದಮ್ಮ, ನೀರು ತಾಗಿದ್ರೆ ಏನೂ ಆಗುದಿಲ್ಲ ಎಂದ. ಓದಿದ ಮಗ ಹೇಳಿದ ಮೇಲೆ ಮುಗಿಯಿತು.

ಆ ಬೆಳಿಗ್ಗೆ ಬಚ್ಚಲೆಲ್ಲ ನೀಲಿಯಾಗಿತ್ತು. ಹಬೆಯೂ ನೀಲಿ. ಕತ್ತಿನ ಹಿಂದೆ ಪಟ್ಟಿ ಐಸಿನ ಹಾಗೆ ತಣ್ಣಗೆ ಮಿಡಿಯುತ್ತಿತ್ತು. ಮೊದಲ ಚೆಂಬು ಬಿತ್ತು. ನಾನು ಕಣ್ಣು ಮುಚ್ಚಿ ಕಾದೆ, ಉರಿಯಲಿಲ್ಲ. ಎರಡನೆಯದೂ ಉರಿಯಲಿಲ್ಲ. ನನಗೆ ನಗು ಬಂತು. ಎಷ್ಟೋ ದಿನಗಳ ಮೇಲೆ ಆ ಮಣೆಯ ಮೇಲೆ ನಾನು ಬೆನ್ನು ಸಡಿಲ ಬಿಟ್ಟು ಕುಳಿತೆ.

"ಬೆಚ್ಚ ಉಂಟಾ ಮಗಾ?" ಅತ್ತೆ ಕೇಳಿದರು.

"ಇಲ್ರಿ ಅತ್ತೀ. ಬೆಚ್ಚಗ ಸುದ್ದಾ ಇಲ್ಲ, ತಣ್ಣಗೈತಿ."

"ತಣ್ಣಗಾ? ನನ್ನ ಕೈಗೇ ತಾಗ್ತದೆ ಮಾರಾಯ್ತಿ!"

"ಇಲ್ರಿ, ತಣ್ಣಗೈತಿ" ಎಂದೆ. ಅದರಲ್ಲಿ ಸ್ವಲ್ಪ ಸೇಡೂ ಇತ್ತು, ಸುಳ್ಳೇಕೆ. ನೋಡು, ನಿನ್ನ ನೀರು ಇನ್ನು ನನ್ನನ್ನು ಏನೂ ಮಾಡುವುದಿಲ್ಲ ಎಂಬ ಹುರುಪು. ಬಾಣಂತಿಗೆ ಚಳಿ ಹಿಡಿಯಿತೋ ಎಂದು ಅತ್ತೆ ಹೆದರಿದರು. ಬಕೆಟಿನಲ್ಲಿ ಬೆರೆಸಿದ್ದನ್ನು ಬಿಟ್ಟು ಹಂಡೆಯಿಂದಲೇ ಮೊಗೆದರು. ಹೊಟ್ಟೆ ಜಾರದೆ ಒಳಗೆ ಹೋಗಬೇಕೆಂದು ಹೊಕ್ಕುಳ ಕೆಳಗೆ, ಹೊಲಿಗೆಯ ಸುತ್ತ, ಮೇಲಿಂದ ಮೇಲೆ ಹೊಯ್ದರು.

ಒಳಗೆ ಬಂದು ಮೈ ಒರೆಸಿ ಪಟ್ಟಿ ಬಿಚ್ಚಿದ ಮೇಲೆ ಎಲ್ಲ ಒಟ್ಟಿಗೆ ಬಂತು. ಬೆನ್ನು, ತೊಡೆ ಉರಿಯತೊಡಗಿದವು. ಹೊಟ್ಟೆ ಉರಿಯುತ್ತಿರಲಿಲ್ಲ. ಕನ್ನಡಿಯಲ್ಲಿ ನೋಡಿದರೆ ಹೊಟ್ಟೆಯ ಕೆಳಭಾಗ ಕೆಂಪಾಗಿ, ಹೊಲಿಗೆಯ ಉದ್ದಕ್ಕೂ ಗುಳ್ಳೆ ಎದ್ದಿತ್ತು. ನಾನು ಕಿರುಚಿದ್ದು ನೋವಿಗಲ್ಲ, ಅದನ್ನು ನೋಡಿ. ಅತ್ತೆ ಓಡಿ ಬಂದರು, ನನ್ನ ಹೊಟ್ಟೆ ನೋಡಿದರು. "ದೇವರೇ, ನಾನೇ ಸುಟ್ಟದ್ದಾ?" ಎಂದು ತಮ್ಮ ಎರಡೂ ಕೈಗಳನ್ನು ನೋಡಿಕೊಂಡರು.

ಅತ್ತಾವರದ ಆಸ್ಪತ್ರೆಗೆ ಅಶ್ವಿತ್ ಕಾರಿನಲ್ಲಿ ಕರೆದೊಯ್ದ. ಅತ್ತೆ ಮಗುವನ್ನು ಮಡಿಲಲ್ಲಿಟ್ಟುಕೊಂಡು ಹಿಂದೆ ಕುಳಿತಿದ್ದರು. ಕುತ್ತಿಗೆಯ ಪಟ್ಟಿಯ ಕಥೆ ನನ್ನಿಂದ ಕೇಳಿಕೊಂಡ ಅಲ್ಲಿಯ ಡಾಕ್ಟರು ಹೇಳಿದ್ದು ಇಷ್ಟು: ಕೊಯ್ದ ಜಾಗದ ಸುತ್ತ ತಿಂಗಳುಗಟ್ಟಲೆ ಚರ್ಮಕ್ಕೆ ಸ್ಪರ್ಶ ಇರುವುದಿಲ್ಲ. ಅಲ್ಲಿ ಸುಟ್ಟದ್ದು ಗೊತ್ತಾಗುವುದಿಲ್ಲ. ಉಳಿದ ಮೈ ಉರಿದು ಎಚ್ಚರಿಸಬೇಕಿತ್ತು. ಅದನ್ನು ಯಾಕೆ ಸುಮ್ಮನಾಗಿಸಿದಿರಿ?

ಪ್ರಶ್ನೆ ಕೇಳಿದ್ದು ನನ್ನನ್ನು. ಅಶ್ವಿತ್, "ಅವಳೇ ತಣ್ಣಗೆ ಉಂಟು ಅಂದದ್ದು ಡಾಕ್ಟ್ರೇ" ಎಂದ.

ನಾನು ಅವನ ಮುಖ ನೋಡಿದೆ. ಅವನು ಗೋಡೆಯ ಮೇಲಿನ ಫ್ಯಾನು ನೋಡುತ್ತಿದ್ದ.

ಔಷಧಿ ಹಚ್ಚಿ ಬ್ಯಾಂಡೇಜು ಕಟ್ಟಿದವಳು ಶರೊನ್ ಎಂಬ ನರ್ಸು, ನನ್ನದೇ ವಯಸ್ಸಿನವಳು. ಅತ್ತೆ ಮಗುವನ್ನು ಎತ್ತಿಕೊಂಡು ಪಕ್ಕದಲ್ಲೇ ನಿಂತಿದ್ದರು. ಕೆಲಸ ಮುಗಿಸಿ ಕೈ ತೊಳೆಯುತ್ತ ಶರೊನ್ ಹೇಳಿದಳು:

"ಇನ್ನು ಬೆಚ್ಚ ನೀರು ತಾಗಿಸ್ಲೇಬೇಡಿ ಆಯ್ತಾ?"

"ಬೆಚ್ಚಗೂ ಬೇಡ್ವಾ? ಹಾಗಾದ್ರೆ ತಣ್ಣೀರು ಹಾಕ್ಕೋಬೇಕಾ?" ನಾನು ಕೇಳಿದೆ.

"ಛೆ, ತಣ್ಣೀರು ಅಲ್ಲ. ಬೆಚ್ಚ ಬೇಡ ಅಂದದ್ದು. ಉಗುರು ಬೆಚ್ಚ ಆಗ್ಬಹುದು."

"ನಾನು ಹೇಳಿದ್ದೂ ಅದೇ ಅಲ್ವಾ? ಬೆಚ್ಚಗೆ ಅಂದ್ರೆ ಉಗುರು ಬೆಚ್ಚಗೆ."

ಶರೊನ್ ನಕ್ಕಳು. "ನಿಮ್ದು ಈ ಊರಲ್ಲ ಅಲ್ವಾ? ಇಲ್ಲಿ ಬೆಚ್ಚ ಅಂದ್ರೆ ಬಿಸಿ. ಕೈ ಇಟ್ರೆ ಸುಡುವ ಬಿಸಿ."

ಅವಳು ಬೇರೆ ರೋಗಿಯ ಕಡೆ ಹೋದಳು. ನಾನೂ ಅತ್ತೆಯೂ ಒಬ್ಬರ ಮುಖ ಒಬ್ಬರು ನೋಡಿದೆವು. ಅತ್ತೆಯ ಬಾಯಿ ತೆರೆದೇ ಇತ್ತು.

"ನೀನು ದಿನಾ ಬೆಚ್ಚ ಬೇಕು ಅಂದದ್ದು..."

"ಸುಡ್ತೈತಿ, ಸ್ವಲ್ಪ ತಣ್ಣಗ ಮಾಡ್ರಿ ಅಂತ ರೀ."

"ಅಯ್ಯೋ ಮಗಾ." ಅವರು ಮಗುವನ್ನು ಇನ್ನಷ್ಟು ಅಪ್ಪಿಕೊಂಡರು. "ಇನ್ನೂ ಬಿಸಿ ಬೇಕು ಅಂತ ಕೇಳ್ತಿ ಅಂದ್ಕೊಂಡೆ ನಾನು. ಊರಿಡೀ ಹೊಗಳಿಕೊಂಡು ಬಂದೆ ನಿನ್ನನ್ನು. ಆ ಹೆರಿಗೆಯ ಡಾಕ್ಟ್ರು ಸಹ ಬೆಚ್ಚಗಿನ ನೀರು ಅಂದದ್ದಲ್ವಾ... ನೀನು ಹೇಳಿದ ಹಾಗೆ ಹಾಕ್ತೇನೆ ಅಂದಿದ್ದೆ ನಾನು. ನೀನು ಹೇಳಿದ ಹಾಗೆಯೇ ಹಾಕಿದೆ."

ಚಾವಡಿಯ ಆ ನಗು ನನಗೆ ನೆನಪಾಯಿತು. ಆಡಿಕೊಂಡು ನಕ್ಕದ್ದಲ್ಲ, ಹೆಮ್ಮೆಗೆ ನಕ್ಕದ್ದು. ಇಂಥವರನ್ನು ನಾನು ಇಷ್ಟು ದಿನ ದ್ವೇಷಿಸಿದ್ದೆ. ಅದರ ಹಿಂದೆಯೇ ಹೋಟೆಲಿನ ನೀರಿನ ಲೋಟ ನೆನಪಾಯಿತು. ನಾನು ಬೆಚ್ಚಗಿನ ನೀರು ಎಂದ ಕೂಡಲೇ ತಿರುಗಿ ತುಳುವಿನಲ್ಲಿ ಒಂದು ಮಾತು ಸೇರಿಸುತ್ತಿದ್ದವನು ನೆನಪಾದ.

ಅಶ್ವಿತ್ ಬಾಗಿಲ ಹತ್ತಿರ ಫೋನು ನೋಡುತ್ತ ನಿಂತಿದ್ದ. ಕರೆದೆ, ಬಂದ.

"ನಿನಗೆ ಗೊತ್ತಿತ್ತಾ?"

"ಎಂತ?"

"ನಾನು ಬೆಚ್ಚಗೆ ಅಂದ್ರೆ ಒಂದು, ಅತ್ತೆ ಬೆಚ್ಚ ಅಂದ್ರೆ ಒಂದು. ನಿನಗೆ ಗೊತ್ತಿತ್ತು."

ಅವನು ಅಮ್ಮನನ್ನು ನೋಡಿದ, ನನ್ನನ್ನು ನೋಡಿದ. ಫೋನನ್ನು ಜೇಬಿಗೆ ಹಾಕಿದ. "ಮೊದಲು ತಮಾಷೆ ಅನಿಸ್ತು" ಎಂದ ಕೊನೆಗೆ. "ಆಮೇಲೆ ಹೇಳುವ ಅಂತಲೇ ಇದ್ದೆ. ಅಷ್ಟರಲ್ಲಿ ಇಲ್ಲಿ ಬಾಣಂತಿ ಆರೈಕೆ ಮಾಡುವ ಒಂದು ಸೆಂಟರ್‌ನವರು 'ಹಿತ' ನೋಡ್ಬೇಕು ಅಂದ್ರು. ಹಿರಿಯರಿಗೆ ಬಿಸಿನೀರೇ ಹಾಕ್ಬೇಕು, ಬಾಣಂತಿಗೆ ಸುಡಬಾರದು, ಅವರಿಗೆ ಇದು ಬೇಕಿತ್ತು. ಒಬ್ಬರ ಮೇಲಾದ್ರೂ ಹಾಕಿ ನೋಡದೆ ಹೇಗೆ ತೋರಿಸುದು? ನೀರು ತಣ್ಣಗಾದ್ರೆ..."

ಅಷ್ಟಕ್ಕೆ ನಿಲ್ಲಿಸಿದ. ಉಳಿದದ್ದು ನನಗೇ ತಿಳಿಯಿತು. ನೀರು ತಣ್ಣಗಾಗಿದ್ದರೆ ಅವನ ಯಂತ್ರಕ್ಕೆ ಕೆಲಸ ಇರುತ್ತಿರಲಿಲ್ಲ. ಬೈಕಂಪಾಡಿಯ ಶೆಡ್ಡಿಗೆ ಒಂದು ಸುಡುವ ಮೈ ಬೇಕಿತ್ತು, ಅದು ಮನೆಯಲ್ಲೇ ಇತ್ತು. ನಾನು ಬಾಗಿಲ ಒಳಗೆ ಬೇಡುತ್ತಿದ್ದಾಗ ಇವನು ಬಾಗಿಲ ಹೊರಗೆ ಕೇಳಿಸಿಕೊಂಡು ಸುಮ್ಮನಿದ್ದ. ನನಗೆ ಸಿಟ್ಟು ಬಂತು ಎಂದರೆ ಕಡಿಮೆಯಾಯಿತು. ಇಂಥವನ ಕೈಯ ನೀರು ಕುಡಿದು ಕಾಳಜಿ ಎಂದುಕೊಂಡಿದ್ದೆನಲ್ಲ ಎಂದು ನನ್ನ ಮೇಲೇ ಹೇಸಿಗೆಯಾಯಿತು.

ಅತ್ತೆ ಮನೆ ತಲುಪಿದವರೇ ಮಗುವನ್ನು ನನ್ನ ಕೈಗೆ ಕೊಟ್ಟು ಸೀದಾ ಬಚ್ಚಲಿಗೆ ಹೋದರು. ಹಂಡೆಯ ಕೆಳಗೆ ಬೆಳಗಿನ ಕೆಂಡ ಇನ್ನೂ ಇತ್ತು. ಗೆರಟೆ ಒಟ್ಟಿ ಊದಿದರು. ನೀರು ಮರಳಿದ ಮೇಲೆ ಮಗನನ್ನು ಕರೆದರು.

"ಬಾ ಇಲ್ಲಿ. ಆ ಪಟ್ಟಿ ಕಟ್ಟಿಕೊಂಡು ಬಾ."

"ಎಂತಕ್ಕೆ ಅಮ್ಮ?"

"ಬಾ ಅಂದೆ."

ಹೋದ. ಅತ್ತೆ ತಾವೇ ಅವನ ಕುತ್ತಿಗೆಗೂ ಮಣಿಕಟ್ಟಿಗೂ ಪಟ್ಟಿ ಕಟ್ಟಿದರು, ಅವನಿಂದಲೇ ಚಾಲೂ ಮಾಡಿಸಿದರು, ನೀಲಿ ದೀಪ ಹಾಕಿಸಿದರು. ಬಕೆಟಿನಲ್ಲಿ ಎಂದಿನಂತೆ ಬೆರೆಸಿದರು. ನಾನು ಮಗುವನ್ನು ಹೆಗಲಿಗೆ ಹಾಕಿಕೊಂಡು ಬಾಗಿಲ ಹೊರಗೆ ನಿಂತಿದ್ದೆ, ಇಷ್ಟು ದಿನ ಅವನು ನಿಲ್ಲುತ್ತಿದ್ದ ಜಾಗದಲ್ಲಿ.

"ಕೈ ಹಾಕು."

ಅವನು ಒಂದು ಬೆರಳು ಅದ್ದಿದ. ಅದ್ದಿದ್ದೇ ತಡ ಎಳೆದುಕೊಂಡ.

"ಬೆಚ್ಚ!"

"ಎಂತ?"

"ಬೆಚ್ಚ ಅಮ್ಮ! ತುಂಬ ಬೆಚ್ಚ ಉಂಟು!"

ಪಟ್ಟಿ ಅವನ ಕೊರಳಲ್ಲಿ ತಣ್ಣಗೆ ಮಿಡಿಯುತ್ತಲೇ ಇತ್ತು. ಹಾಗಾದರೆ ಆ ಬೆಳಿಗ್ಗೆ ನನ್ನ ಬೆನ್ನಿಗೆ ತಂಪೆನಿಸಿದ್ದು ಯಂತ್ರದಿಂದಲ್ಲ. ನಿನಗೋಸ್ಕರ ಮಾಡಿದ್ದು ಎಂದನಲ್ಲ, ಆ ಮಾತನ್ನು ನಂಬಿದ್ದರಿಂದ. ತಾನು ಮಾಡಿದ್ದನ್ನು ನಂಬುವ ಅಗತ್ಯ ಅವನಿಗಿರಲಿಲ್ಲ.

"ಇಷ್ಟೇ" ಎಂದರು ಅತ್ತೆ. "ಈ ಒಂದು ಶಬ್ದ. ಅಲ್ಲಿ ಬಾಗಿಲ ಹೊರಗೆ ನಿಂತು ಒಂದು ಸಲ ಹೇಳಿದ್ರೆ ಸಾಕಿತ್ತು. ನಾನು ಏನು ನಿನ್ನನ್ನು ತಿಂತಿದ್ದೆನಾ?"

ಅವರು ಬಕೆಟನ್ನು ಮೋರಿಗೆ ಚೆಲ್ಲಿ, ಸೆರಗಿನಿಂದ ಕಣ್ಣು ಒರೆಸಿಕೊಂಡು ನನ್ನನ್ನು ದಾಟಿ ಒಳಗೆ ಹೋದರು. ಹೋಗುವಾಗ ನನ್ನ ತಲೆಯ ಮೇಲೆ ಒಮ್ಮೆ ಕೈ ಇಟ್ಟರು.

ಅಶ್ವಿತ್ ನಲ್ಲಿ ತಿರುಗಿಸಿ ತಣ್ಣೀರಿನ ಕೆಳಗೆ ಬೆರಳು ಹಿಡಿದ. ನೀಲಿ ದೀಪ ಆರಿಸಿರಲಿಲ್ಲ. ನನ್ನ ಕಡೆ ತಿರುಗಿ, "ಉರೀತದೆ ಸಂಚಿ, ಒಳಗೆ ಮುಲಾಮು ಉಂಟಾ?" ಎಂದ.

"ನೋಡುವ" ಎಂದೆ.